ಜೂಮ್ ಕ್ಯಾಮೆರಾದ ಬೆಳಕಿನ ಲೆಕ್ಕ

ಗುಂಡಿ ಒತ್ತಿದರೆ ಗುಂಯ್ ಎಂದು ಲೆನ್ಸಿನ ಕೊಳವೆ ಮುಂದೆ ಚಾಚುವ, ಮತ್ತೊಂದು ಗುಂಡಿಗೆ ಒಳಗೆ ಸರಿಯುವ ರೀಲ್ ಕ್ಯಾಮೆರಾವನ್ನು ಅಂಗಡಿಗಳಲ್ಲಿ ಕಾಂಪ್ಯಾಕ್ಟ್ ಜೂಮ್ ಎಂದು ಮಾರುತ್ತಿದ್ದರು. ಅದು ಮಾರುಕಟ್ಟೆಯಲ್ಲಿ ಮೆರೆದದ್ದು ಹೆಚ್ಚುಕಡಿಮೆ ಇಪ್ಪತ್ತು ವರ್ಷ, 1986ರಿಂದ 2005–06ರವರೆಗೆ. ಇದರ ಲೆನ್ಸ್ ಕಳಚಲು ಬರುವುದಿಲ್ಲ. ಫೋಕಸ್ ಹೊಂದಿಸುವುದು, ಬೆಳಕು ಅಳೆಯುವುದು, ರೀಲು ಸುತ್ತುವುದು, ಫ್ಲ್ಯಾಶ್ ಹಾರಿಸುವುದು ಎಲ್ಲವೂ ಒಳಗಿನ ಮೋಟರು ಮತ್ತು ಸರ್ಕ್ಯೂಟಿನ ಪಾಲು. ಬಳಸುವವರಿಗೆ ಉಳಿಯುವ ಕೆಲಸ ಎರಡೇ: ಎಷ್ಟು ಹತ್ತಿರ ಬೇಕೆಂದು ನೋಡುವುದು, ಸಮಯ ನೋಡಿ ಒತ್ತುವುದು. ಈ ಸುಖಕ್ಕೆ ಬೆಲೆ ಇಲ್ಲದೆ ಇರಲಿಲ್ಲ. ದೂರದ್ದನ್ನು ಹತ್ತಿರ ತಂದುಕೊಟ್ಟ ಜೂಮ್, ಅದಕ್ಕೆ ತಕ್ಕ ಶುಲ್ಕವನ್ನು ಬೆಳಕಿನಲ್ಲಿ ವಸೂಲು ಮಾಡಿತು. ಆ ಕ್ಯಾಮೆರಾದ ಉಳಿದೆಲ್ಲ ಏರ್ಪಾಡುಗಳೂ ಈ ಕೊರತೆಯನ್ನು ತುಂಬಿಕೊಳ್ಳಲು ಹುಟ್ಟಿದವು ಎಂದರೆ ಹೆಚ್ಚು ತಪ್ಪಾಗದು.

ಜೂಮ್ ಲೆನ್ಸ್ ಇದಕ್ಕಿಂತ ಹಳೆಯದು. 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಕ್ಕೆಂದು ಮೊದಲ ಜೂಮ್ ಲೆನ್ಸ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ, ಜರ್ಮನಿಯ ಫೋಕ್ಟ್‌ಲೆಂಡರ್ ಕಂಪನಿಯಿಂದ. 36ರಿಂದ 82 ಮಿ.ಮೀ. ನಾಭಿದೂರದ ವ್ಯಾಪ್ತಿಯ ಆ ಜೂಮಾರ್ ಲೆನ್ಸ್ ಕೈಗೆ ಭಾರ, ಜೇಬಿಗೂ ಭಾರ. 1963ರಲ್ಲಿ ನಿಕಾನ್ ಕಂಪನಿ ನಿಕೋರೆಕ್ಸ್ ಜೂಮ್ 35 ಎಂಬ ಎಸ್‌ಎಲ್‌ಆರ್ ಕ್ಯಾಮೆರಾಕ್ಕೆ 43–86 ಮಿ.ಮೀ. ಜೂಮ್ ಲೆನ್ಸನ್ನು ಶಾಶ್ವತವಾಗಿ ಜೋಡಿಸಿ ಮಾರಿತು. ಆದರೆ ಎಸ್‌ಎಲ್‌ಆರ್‌ನ ಹೊಟ್ಟೆಯಲ್ಲಿ ಮೇಲೆ ಕೆಳಗೆ ಆಡುವ ಕನ್ನಡಿ ಇರುತ್ತದೆ. ಅದಕ್ಕೆ ಜಾಗ ಬಿಡಲು ಲೆನ್ಸಿನ ಹಿಂಗಾಜನ್ನು ರೀಲಿನಿಂದ ದೂರವೇ ಇಡಬೇಕು. ಜೂಮ್ ದಪ್ಪವಾಗಲು ಇದೂ ಒಂದು ಕಾರಣ.

ಕನ್ನಡಿ ಇಲ್ಲದ ಪುಟ್ಟ ಕ್ಯಾಮೆರಾಕ್ಕೆ ಆ ಕಟ್ಟುಪಾಡಿಲ್ಲ. ಹಿಂಗಾಜು ರೀಲಿನ ಹತ್ತಿರಕ್ಕೇ ಸರಿಯಬಹುದು. ಹಾಗಾಗಿ ಮುಂದೊಂದು ಬೆಳಕನ್ನು ಕೂಡಿಸುವ ಗಾಜುಗುಂಪು, ಹಿಂದೊಂದು ಬೆಳಕನ್ನು ಹರಡುವ ಗಾಜುಗುಂಪು ಇಟ್ಟು, ಎರಡರ ನಡುವಿನ ಅಂತರವನ್ನು ಬದಲಿಸುತ್ತ ಹೋದರೆ ಗಿಡ್ಡ ಕೊಳವೆಯಲ್ಲೇ ಜೂಮ್ ಸಾಧ್ಯ. ಗಾಜುಗಳನ್ನು ಸರಿಸುವುದು ಒಂದರೊಳಗೊಂದು ಕೂತ ಕೊಳವೆಗಳು. ಅವುಗಳ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿವೆ, ಅವುಗಳಲ್ಲಿ ಜಾರುವ ಮೊಳೆಗಳಿವೆ. ಮೋಟರು ಹೊರಕೊಳವೆಯನ್ನು ತಿರುಗಿಸಿದಂತೆ ಎರಡು ಗುಂಪುಗಳೂ ತಮ್ಮ ತಮ್ಮ ತೋಡಿನ ಓಟಕ್ಕೆ ತಕ್ಕಂತೆ ಮುಂದೆ ಬರುತ್ತವೆ.

ತಾನೇ ಫೋಕಸ್ ಮಾಡಿಕೊಳ್ಳುವ ಮೊದಲ ಮನೆಬಳಕೆಯ ಕ್ಯಾಮೆರಾ ಕೋನಿಕಾ ಸಿ35 ಎಎಫ್ ಬಂದದ್ದು 1977ರಲ್ಲಿ. ಅಲ್ಲಿಂದ ಒಂಬತ್ತು ವರ್ಷಕ್ಕೆ, 1986ರಲ್ಲಿ, ಜಪಾನಿನ ಅಸಾಹಿ ಕಂಪನಿ ಪೆಂಟಾಕ್ಸ್ ಜೂಮ್ 70 ಬಿಡುಗಡೆ ಮಾಡಿತು. 35ರಿಂದ 70 ಮಿ.ಮೀ.ವರೆಗೆ ಚಾಚುವ ಅದರ ಲೆನ್ಸ್‌ನಿಂದ ಈ ಜಾತಿಯ ಕ್ಯಾಮೆರಾಗಳ ವಂಶ ಶುರುವಾಯಿತು. 1988ರಲ್ಲಿ ಕ್ಯಾನನ್ ತನ್ನ ಶ್ಯೂರ್‌ಶಾಟ್ ಜೂಮ್ ತಂದಿತು. ಅದೇ ವರ್ಷ ಒಲಿಂಪಸ್ 105 ಮಿ.ಮೀ.ಗೆ ಹಾರಿತು. ಆಮೇಲೆ 115, 140, 160 ಎಂದು ಸಂಖ್ಯೆ ಏರಿಸುವ ಪೈಪೋಟಿ ನಡೆಯಿತು. ಕ್ಯಾಮೆರಾದ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಿದ್ದ ಸಂಖ್ಯೆ ಅದೇ.

ಈ ಸಂಖ್ಯೆ ಚಿತ್ರದಲ್ಲಿ ಏನು ಮಾಡುತ್ತದೆ ಎಂಬುದನ್ನು ಗಂಗಾವತಿ ತಾಲ್ಲೂಕಿನ ನೆಲದ ಮೇಲೇ ನಿಂತು ಲೆಕ್ಕ ಹಾಕಬಹುದು. ತುಂಗಭದ್ರೆಯ ಈಚೆ ದಡ, ವಿರುಪಾಪುರಗಡ್ಡಿಯ ಕಡೆ. ಎದುರು ದಡದಲ್ಲಿ ಹಂಪಿಯ ವಿರೂಪಾಕ್ಷ ದೇಗುಲದ ಸುಮಾರು 50 ಮೀಟರ್ ಎತ್ತರದ ಗೋಪುರ. ಅದು ಅರ್ಧ ಕಿಲೋಮೀಟರ್ ದೂರದಲ್ಲಿದೆ ಎಂದುಕೊಂಡರೆ, 35 ಮಿ.ಮೀ.ಯಲ್ಲಿ ರೀಲಿನ ಮೇಲೆ ಮೂಡುವ ಗೋಪುರದ ಎತ್ತರ ಬರೀ ಮೂರೂವರೆ ಮಿಲಿಮೀಟರ್. ನಾಲ್ಕಕ್ಕೆ ಆರಿಂಚಿನ ಪ್ರಿಂಟು ಹಾಕಿಸಿದರೆ ಒಂದೂವರೆ ಸೆಂಟಿಮೀಟರ್; ಉಳಿದದ್ದು ಆಕಾಶ, ನೀರು, ಬಂಡೆ. 70 ಮಿ.ಮೀ.ಗೆ ಚಾಚಿದರೆ ಪ್ರಿಂಟಿನಲ್ಲಿ ಗೋಪುರ ಮೂರು ಸೆಂಟಿಮೀಟರ್, 140ಕ್ಕೆ ಆರು ಸೆಂಟಿಮೀಟರ್. ಲೆನ್ಸ್ ನೋಡುವ ಅಗಲವೂ ಅದೇ ಲೆಕ್ಕದಲ್ಲಿ ಕಿರಿದಾಗುತ್ತದೆ: 35ರಲ್ಲಿ ಅಡ್ಡಗಲ ಸುಮಾರು 54 ಡಿಗ್ರಿ, 70ರಲ್ಲಿ 29, 140ರಲ್ಲಿ 15ಕ್ಕೂ ಕಡಿಮೆ. ನಡುವೆ ಹೊಳೆ ಇರುವಾಗ ಕಾಲು ನಡೆಸಿ ಹತ್ತಿರ ಹೋಗುವಂತಿಲ್ಲ, ಅಲ್ಲಿ ಜೂಮಿಗೆ ನಿಜವಾದ ಬೆಲೆ. 1856ರಲ್ಲಿ ಇದೇ ಹಂಪಿಯನ್ನು ಚಿತ್ರಿಸಿದ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳನ್ನು ಬಳಸುತ್ತಿದ್ದ. ಚೌಕಟ್ಟು ಬದಲಾಗಬೇಕೆಂದರೆ ಭಾರೀ ಪೆಟ್ಟಿಗೆಯನ್ನೂ ಮುಕ್ಕಾಲಿಯನ್ನೂ ಹೊತ್ತು ಜಾಗ ಬದಲಿಸಬೇಕಿತ್ತು.

ಆದರೂ ಜೂಮ್ ಮಾಡುವುದು ಮತ್ತು ಹತ್ತಿರ ನಡೆಯುವುದು ಒಂದೇ ಅಲ್ಲ. ಮುಂದಿನ ವಸ್ತುವಿಗೂ ಹಿಂದಿನ ವಸ್ತುವಿಗೂ ಗಾತ್ರದಲ್ಲಿ ಕಾಣುವ ವ್ಯತ್ಯಾಸ ನಿಂತ ಜಾಗದಿಂದ ನಿರ್ಧಾರವಾಗುತ್ತದೆ, ಲೆನ್ಸಿನಿಂದಲ್ಲ. 35ರಲ್ಲಿ ಒಂದು ಮೀಟರ್ ಹತ್ತಿರ ನಿಂತು ಮುಖದ ಫೋಟೊ ತೆಗೆದರೆ ಮೂಗು ದಪ್ಪ, ಕಿವಿ ಸಣ್ಣದು. ಎರಡು ಮೀಟರ್ ಹಿಂದೆ ಸರಿದು 105ಕ್ಕೆ ಚಾಚಿ ತೆಗೆದರೆ ಅದೇ ಮುಖ ಕಣ್ಣಿಗೆ ಕಂಡಂತೆ ಬರುತ್ತದೆ. ಸ್ಟುಡಿಯೊದವರು ಮೊದಲಿನಿಂದ ಮಾಡುತ್ತಿದ್ದದ್ದನ್ನು ಜೂಮ್ ಕ್ಯಾಮೆರಾ ಮನೆಯವರ ಕೈಗೂ ಕೊಟ್ಟಿತು. ಈ ಕ್ಯಾಮೆರಾದ ಅತ್ಯುತ್ತಮ ಉಪಯೋಗ ಗೋಪುರಕ್ಕಿಂತ ಮುಖಕ್ಕೇ ಇತ್ತು ಎನ್ನಬೇಕು. ಬಹುತೇಕರು ಅದನ್ನು ಆ ಕೆಲಸಕ್ಕೆ ಹೆಚ್ಚು ಬಳಸಲಿಲ್ಲ.

ಇನ್ನು ಬೆಳಕಿನ ಶುಲ್ಕದ ವಿಷಯ. ಲೆನ್ಸಿನ ಎಫ್ ಸಂಖ್ಯೆ ಎಂದರೆ ನಾಭಿದೂರವನ್ನು, ಅಂದರೆ ಮೇಲೆ ಹೇಳಿದ 35, 70, 140ರಂಥ ಸಂಖ್ಯೆಯನ್ನು, ಬೆಳಕಿನ ಕಿಂಡಿಯ ಅಗಲದಿಂದ ಭಾಗಿಸಿ ಬಂದ ಉತ್ತರ. ಪೆಂಟಾಕ್ಸ್ ಜೂಮ್ 70ರ ಲೆನ್ಸ್ 35ರಲ್ಲಿ ಎಫ್/3.5, 70ರಲ್ಲಿ ಎಫ್/6.7. ಭಾಗಿಸಿ ನೋಡಿದರೆ ಎರಡೂ ತುದಿಯಲ್ಲಿ ಕಿಂಡಿ ಹತ್ತು ಮಿಲಿಮೀಟರಿನ ಆಸುಪಾಸು. ನಾಭಿದೂರ ಇಮ್ಮಡಿಯಾಯಿತು, ಕಿಂಡಿ ಇದ್ದಷ್ಟೇ ಉಳಿಯಿತು, ರೀಲಿಗೆ ತಲುಪುವ ಬೆಳಕು ಕಾಲುಭಾಗದ ಹತ್ತಿರಕ್ಕೆ ಇಳಿಯಿತು. ಕಿಂಡಿಯನ್ನು ದೊಡ್ಡದು ಮಾಡಿದರೆ ಗಾಜು ದೊಡ್ಡದಾಗಬೇಕು, ಕ್ಯಾಮೆರಾ ಜೇಬಿಗೆ ಹಿಡಿಸುವುದಿಲ್ಲ. 140 ಮಿ.ಮೀ.ವರೆಗೆ ಹೋಗುವ ಮಾದರಿಗಳಲ್ಲಿ ಕೊನೆಯ ತುದಿ ಎಫ್/11ರ ಸುತ್ತ ನಿಲ್ಲುತ್ತಿತ್ತು. ಅಲ್ಲಿ ಸಿಗುವುದು ಅಗಲ ತುದಿಯ ಬೆಳಕಿನ ಏಳೆಂಟನೆಯ ಒಂದು ಪಾಲು.

ಬಯಲುಸೀಮೆಯ ಬಿಸಿಲಿಗೆ ಇದು ಸಮಸ್ಯೆಯೇ ಅಲ್ಲ. ಸುಡುಬಿಸಿಲಿನಲ್ಲಿ 100 ಐಎಸ್‌ಒ ವೇಗದ ರೀಲಿಗೆ ಎಫ್/16 ಇದ್ದಾಗ ಸೆಕೆಂಡಿನ ನೂರನೇ ಒಂದು ಭಾಗ ಶಟರ್ ತೆರೆದರೆ ಸಾಕು ಎಂಬುದು ಫೋಟೊಗ್ರಾಫರುಗಳ ಹಳೇ ಲೆಕ್ಕ. ಎಫ್/11ಕ್ಕೆ ಅದು 1/200 ಸೆಕೆಂಡ್. ಕೈ ನಡುಕ ಚಿತ್ರದಲ್ಲಿ ಕಾಣದಿರಲು ಶಟರ್ ವೇಗ ನಾಭಿದೂರದ ಸಂಖ್ಯೆಗಿಂತ ಕಡಿಮೆ ಇರಬಾರದು, ಅಂದರೆ 140 ಮಿ.ಮೀ.ಗೆ 1/140. ಬಿಸಿಲಿನಲ್ಲಿ ಇದು ದಾಟಿಯಾಯಿತು. ಅದೇ ರೀಲನ್ನು ಬೇವಿನ ಮರದ ನೆರಳಿಗೆ ತಂದರೆ ಬೆಳಕು ಎಂಟು ಪಟ್ಟು ಕುಸಿದು, 1/25 ಸೆಕೆಂಡ್ ಬೇಕಾಗುತ್ತದೆ. ಚಿತ್ರ ಅಲುಗಿತೆಂದೇ ಅರ್ಥ. 400ರ ರೀಲು ಹಾಕಿದರೆ 1/100. ಕೈ ಗಟ್ಟಿ ಇದ್ದವರಿಗೆ ಪಾಸು. ಕಲ್ಲುಮಂಟಪದ ಒಳಗಾದರೆ ಯಾವ ರೀಲೂ ಸಾಲದು.

ಅಲ್ಲಿಗೆ ಫ್ಲ್ಯಾಶ್ ಎದ್ದು ನಿಲ್ಲುತ್ತದೆ. ಆದರೆ ಜೂಮ್ ಫ್ಲ್ಯಾಶನ್ನೂ ಬಿಡುವುದಿಲ್ಲ. ಫ್ಲ್ಯಾಶಿನ ಶಕ್ತಿಯನ್ನು ಹೇಳುವ ಗೈಡ್ ನಂಬರನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಮುಟ್ಟುವ ದೂರ ಮೀಟರಿನಲ್ಲಿ ಸಿಗುತ್ತದೆ. 100ರ ರೀಲಿಗೆ ಗೈಡ್ ನಂಬರ್ 12 ಇರುವ ಪುಟ್ಟ ಫ್ಲ್ಯಾಶ್ ಎಫ್/4ರಲ್ಲಿ ಮೂರು ಮೀಟರ್ ಮುಟ್ಟುತ್ತದೆ, ಎಫ್/11ರಲ್ಲಿ ಒಂದು ಮೀಟರ್ ಚಿಲ್ಲರೆ. ಕಲ್ಯಾಣಮಂಟಪದ ಐದನೇ ಸಾಲಿನಲ್ಲಿ ಕುಳಿತು ವೇದಿಕೆಯ ಮೇಲಿನ ಮದುಮಕ್ಕಳನ್ನು ಜೂಮ್ ಮಾಡಿ ಒತ್ತಿದವರಿಗೆ ಸಿಕ್ಕದ್ದು ಮುಂದಿನ ಸಾಲಿನವರ ಬೆಳ್ಳಗಾದ ತಲೆಗಳು, ಅದರಾಚೆ ಕತ್ತಲೆ. ಜೂಮ್ ಎಲ್ಲಿ ಬೇಕೆನಿಸುತ್ತದೋ ಅಲ್ಲೇ ಫ್ಲ್ಯಾಶ್ ಮುಟ್ಟದು. ರಾತ್ರಿ ಬಯಲಾಟ, ಜಾತ್ರೆಯ ದೀಪ ಇವಕ್ಕೂ ಅದೇ ಗತಿ. ಹತ್ತಿರ ಹೋಗಿ, ಲೆನ್ಸನ್ನು ಪೂರ್ತಿ ಒಳಗೆಳೆದು, ಅಗಲ ತುದಿಯಲ್ಲಿ ತೆಗೆಯುವುದೊಂದೇ ದಾರಿ. ಆಗ ಜೂಮಿಗೆ ಕೊಟ್ಟ ದುಡ್ಡು ವ್ಯರ್ಥ ಎಂಬ ಮಾತು ಬೇರೆ.

ಫೋಕಸ್ ವ್ಯವಸ್ಥೆಯೂ ಕುತೂಹಲದ್ದೇ. ಹಣೆಯ ಮೇಲಿನ ಒಂದು ಕಿಟಕಿಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಹೊರಡುತ್ತದೆ. ಎದುರಿನ ವಸ್ತುವಿಗೆ ಬಡಿದು ಮರಳಿದ್ದನ್ನು ಪಕ್ಕದ ಕಿಟಕಿ ಹಿಡಿಯುತ್ತದೆ. ಮರಳಿ ಬಂದ ಕೋನದಿಂದ ಸರ್ಕ್ಯೂಟು ದೂರವನ್ನು ಲೆಕ್ಕ ಹಾಕುತ್ತದೆ. ಏನೂ ಮರಳದಿದ್ದರೆ ವಸ್ತು ಬಹಳ ದೂರವಿದೆ ಎಂದುಕೊಳ್ಳುತ್ತದೆ. ಕತ್ತಲಲ್ಲೂ ಕೆಲಸ ಮಾಡುವುದು ಇದರ ಗುಣ. ಬಸ್ಸಿನ ಕಿಟಕಿಯ ಗಾಜನ್ನೇ ವಸ್ತುವೆಂದು ತಿಳಿಯುವುದು ದೋಷ; ಅದಕ್ಕಾಗಿಯೇ ಹಲವು ಮಾದರಿಗಳಲ್ಲಿ ಬೆಟ್ಟದ ಚಿತ್ರವಿರುವ ಗುಂಡಿ ಇಟ್ಟು, ದೂರಕ್ಕೆ ಫೋಕಸ್ ನಿಲ್ಲಿಸುವ ಅನುಕೂಲ ಮಾಡಿದ್ದರು. ಇನ್ನೊಂದು ದೋಷಕ್ಕೆ ಮದುವೆ ಆಲ್ಬಮ್ಮುಗಳೇ ಸಾಕ್ಷಿ. ಗಂಡು ಹೆಣ್ಣು ಅಕ್ಕಪಕ್ಕ ನಿಂತಾಗ ಚೌಕಟ್ಟಿನ ನಟ್ಟನಡುವೆ ಇರುವುದು ಇಬ್ಬರ ನಡುವಿನ ಖಾಲಿ ಜಾಗ. ಕಿರಣ ಅಲ್ಲಿಂದ ಹಾದುಹೋಗಿ ಹಿಂದಿನ ಪರದೆಗೆ ಬಡಿಯುತ್ತದೆ. ಪರದೆಯ ಜರಿ ಸ್ಪಷ್ಟ, ಮದುಮಕ್ಕಳ ಮುಖ ಮಸುಕು. ಮೊದಲು ಒಬ್ಬರ ಮುಖಕ್ಕೆ ಗುರಿಯಿಟ್ಟು ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಆಮೇಲೆ ಚೌಕಟ್ಟು ಸರಿಮಾಡಿಕೊಂಡು ಪೂರ್ತಿ ಒತ್ತಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತಿತ್ತು. ಕೈಪಿಡಿ ಓದಿದವರು ಕಡಿಮೆ. ಒಂದು ಸಮಾಧಾನವೆಂದರೆ, ಕಿಂಡಿ ಚಿಕ್ಕದಿದ್ದುದರಿಂದ ಫೋಕಸ್ ತುಸು ತಪ್ಪಿದರೂ ಸಣ್ಣ ಪ್ರಿಂಟಿನಲ್ಲಿ ಗೊತ್ತಾಗುತ್ತಿರಲಿಲ್ಲ.

ಬೆಳಕು ಅಳೆಯುವ ಕಣ್ಣಿನ ಸ್ವಭಾವವನ್ನು ಗಂಗಾವತಿ ತಾಲ್ಲೂಕಿನದೇ ಶ್ರೀರಾಮನಗರದಂಥ ಊರಿನ ಗದ್ದೆಬದುವಿನಲ್ಲಿ ಚೆನ್ನಾಗಿ ಕಾಣಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಮೇಲೆ ಬೆಳೆದ ಊರು ಅದು. ಅಣೆಕಟ್ಟೆಯ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ಈ ಭಾಗದಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತಕ್ಕೆ ಇಳಿದರು. ನಾಟಿಯ ದಿನಗಳಲ್ಲಿ ನೀರು ನಿಂತ ಗದ್ದೆ ಇಡೀ ಆಕಾಶವನ್ನು ಮೇಲಕ್ಕೆ ಎಸೆಯುತ್ತದೆ. ಕ್ಯಾಮೆರಾದ ಕಣ್ಣು ಎದುರಿನ ಬೆಳಕಿನ ಸರಾಸರಿ ತೆಗೆದು, ಅದೆಲ್ಲ ಮಧ್ಯಮ ಬೂದುಬಣ್ಣವೆಂದು ಭಾವಿಸಿ ಶಟರ್ ಬೇಗ ಮುಚ್ಚಿಸುತ್ತದೆ. ನೀರು ಸರಿಯಾಗಿ ಬಂತು, ಸಸಿ ನೆಡುತ್ತಿರುವ ಹೆಂಗಸರು ಕಪ್ಪು ಗೊಂಬೆಗಳಾದರು. ಹಗಲಿನಲ್ಲೂ ಫ್ಲ್ಯಾಶನ್ನು ಒತ್ತಾಯದಿಂದ ಹಾರಿಸುವ ಗುಂಡಿ ಇಂಥ ಕಡೆಗೆಂದೇ ಇತ್ತು. ಅದೂ ಎರಡು–ಮೂರು ಮೀಟರಿನ ಒಳಗಿದ್ದವರಿಗೆ ಮಾತ್ರ. ಕೊಯ್ಲಿನ ಹೊತ್ತಿಗೆ ಪೈರು ಹೊಂಬಣ್ಣಕ್ಕೆ ತಿರುಗಿದಾಗ ಈ ತೊಂದರೆ ಇಲ್ಲ. ಅದೇ ಕ್ಯಾಮೆರಾ, ಅದೇ ಗದ್ದೆ, ಚಿತ್ರ ಮಾತ್ರ ತಾನಾಗಿ ಹದವಾಗಿ ಬರುತ್ತದೆ.

ಇಷ್ಟೆಲ್ಲ ತಪ್ಪುಗಳ ನಡುವೆಯೂ 36 ಚಿತ್ರಗಳಲ್ಲಿ ಬಹುಪಾಲು ಚೆನ್ನಾಗಿ ಬರುತ್ತಿದ್ದುದಕ್ಕೆ ಕಾರಣ ರೀಲು. ಬಣ್ಣದ ನೆಗೆಟಿವ್ ರೀಲು ಬೇಕಾದ್ದಕ್ಕಿಂತ ನಾಲ್ಕು, ಕೆಲವೊಮ್ಮೆ ಎಂಟು ಪಟ್ಟು ಬೆಳಕು ಬಿದ್ದರೂ ತಡೆದುಕೊಳ್ಳುತ್ತದೆ. ಕಡಿಮೆ ಬೆಳಕಿಗೆ ಅಷ್ಟು ಸಹನೆ ಇಲ್ಲ, ಅರ್ಧಕ್ಕಿಂತ ಕೆಳಗಿಳಿದರೆ ಕಪ್ಪು ಭಾಗ ಮಣ್ಣುಮಣ್ಣಾಗಿ ಕಾಳು ಕಾಳಾಗುತ್ತದೆ. ಉಳಿದ ಹೆಚ್ಚುಕಮ್ಮಿಯನ್ನು ಲ್ಯಾಬಿನವರು ಪ್ರಿಂಟು ಹಾಕುವಾಗ ಸರಿದೂಗಿಸುತ್ತಿದ್ದರು. ರೀಲಿನ ವೇಗವನ್ನು ಕ್ಯಾಮೆರಾಕ್ಕೆ ಹೇಳುವ ಕೆಲಸವನ್ನು 1983ರಲ್ಲಿ ಕೊಡಕ್ ತಂದ ಡಿಎಕ್ಸ್ ಸಂಕೇತ ವಹಿಸಿಕೊಂಡಿತು. ರೀಲಿನ ಡಬ್ಬಿಯ ಮೇಲೆ ಎರಡು ಸಾಲಿನಲ್ಲಿ ಹನ್ನೆರಡು ಚೌಕಗಳಿರುತ್ತವೆ. ಕೆಲವು ಬರಿಲೋಹ, ಕೆಲವು ಕಪ್ಪು ಬಣ್ಣ. ಕ್ಯಾಮೆರಾದ ಒಳಗಿನ ಪುಟ್ಟ ತಂತಿಗಳು ಅವನ್ನು ಮುಟ್ಟಿ, ವಿದ್ಯುತ್ ಹರಿಯುವ ಚೌಕ ಯಾವುದು, ಹರಿಯದ್ದು ಯಾವುದು ಎಂಬುದರಿಂದ 100, 200, 400 ಎಂದು ಓದಿಕೊಳ್ಳುತ್ತವೆ. ಸಂಕೇತ ಸಿಗದಿದ್ದರೆ ಸಾಮಾನ್ಯವಾಗಿ 100 ಎಂದೇ ತಿಳಿಯುತ್ತವೆ.

ರೀಲು ಹಾಕುವ ಕೆಲಸವೂ ಸುಲಭವಾಗಿತ್ತು. ನಾಲಿಗೆಯನ್ನು ಕೆಂಪು ಗುರುತಿನವರೆಗೆ ಎಳೆದು ಬಾಗಿಲು ಮುಚ್ಚಿದರೆ ಮೋಟರು ತಾನೇ ಸುತ್ತಿಕೊಂಡು ಪುಟ್ಟ ಪರದೆಯಲ್ಲಿ 1 ಎಂದು ತೋರಿಸುತ್ತಿತ್ತು. ಕೊನೆಯ ಚಿತ್ರದ ನಂತರ ತಾನೇ ಹಿಂದಕ್ಕೆ ಸುತ್ತುತ್ತಿತ್ತು. ಡಬ್ಬಿ ಲ್ಯಾಬಿಗೆ ಹೋದರೆ ಸಿ-41 ಎಂಬ ಕ್ರಮದಲ್ಲಿ, 37.8 ಡಿಗ್ರಿ ಬಿಸಿಯ ದ್ರಾವಣದಲ್ಲಿ ಮೂರು ನಿಮಿಷ ಹದಿನೈದು ಸೆಕೆಂಡು ತೊಳೆಯುವುದರಿಂದ ನೆಗೆಟಿವ್ ಆಗುವ ಕೆಲಸ ಶುರು. ಯಾವ ಕಂಪನಿಯ ಬಣ್ಣದ ನೆಗೆಟಿವ್ ರೀಲಾದರೂ ಕ್ರಮ ಒಂದೇ ಆದ್ದರಿಂದ ಸಣ್ಣ ಊರುಗಳಿಗೂ ಕಲರ್ ಲ್ಯಾಬು ತಲುಪುವುದು ಸಾಧ್ಯವಾಯಿತು.

ಭಾರತದ ಮನೆಗಳಿಗೆ ಈ ಕ್ಯಾಮೆರಾ ಬಂದದ್ದು ಅಡ್ಡದಾರಿಯಿಂದಲೇ ಹೆಚ್ಚು. 1991ರ ಉದಾರೀಕರಣಕ್ಕೆ ಮೊದಲು ಆಮದು ಕಷ್ಟ, ಸುಂಕ ವಿಪರೀತ. ಮನೆಗಳಲ್ಲಿದ್ದದ್ದು ಇಲ್ಲೇ ತಯಾರಾದ ಆಗ್ಫಾ ಕ್ಲಿಕ್ 3, ಆಮೇಲೆ ಹಾಟ್‌ಶಾಟ್. ಜೂಮ್ ಇರುವ ಜಪಾನಿ ಕ್ಯಾಮೆರಾ ಕೊಲ್ಲಿ ದೇಶದಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲೋ, ಅಮೆರಿಕದಲ್ಲಿದ್ದ ಮಗನ ಕೈಯಲ್ಲೋ ಬರುತ್ತಿತ್ತು. ಇಲ್ಲವೆಂದರೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಫಾರಿನ್ ಮಾಲಿನ ಮಳಿಗೆಗಳಲ್ಲಿ ಚೌಕಾಸಿ ಮಾಡಿ ಕೊಳ್ಳಬೇಕಿತ್ತು. ತೊಂಬತ್ತರ ದಶಕದಲ್ಲಿ ಬಾಗಿಲು ತೆರೆದ ಮೇಲೂ ಜನ ಹೆಚ್ಚು ಕೊಂಡದ್ದು ಕೊಡಕ್ ಕೆಬಿ10, ಯಾಶಿಕಾ ಎಂಎಫ್-2 ಸೂಪರ್ ಥರದ, ಜೂಮ್ ಇಲ್ಲದ ಅಗ್ಗದ ಕ್ಯಾಮೆರಾಗಳನ್ನು. ಅವಕ್ಕೆ ಪೆನ್ಸಿಲ್ ಸೆಲ್ ಸಾಕು, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಜೂಮ್ ಕ್ಯಾಮೆರಾಗಳಲ್ಲಿ ಬಹುತೇಕಕ್ಕೆ ಸಿಆರ್123ಎ ಅಥವಾ 2ಸಿಆರ್5 ಎಂಬ ಲಿಥಿಯಂ ಸೆಲ್ ಬೇಕು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾದ ಕಾಲಕ್ಕೆ ಕುಷ್ಟಗಿ, ಯಲಬುರ್ಗಾಗಳಂಥ ಊರಿನಲ್ಲಿ ಅಂಥದ್ದನ್ನು ಹುಡುಕುವುದಕ್ಕಿಂತ ದೊಡ್ಡ ಊರಿಗೆ ಹೋದವರಿಂದ ತರಿಸುವುದೇ ಸಲೀಸು. ಸೆಲ್ ಸತ್ತರೆ ಕ್ಯಾಮೆರಾ ಪೂರ್ತಿ ಸತ್ತಂತೆ. ಕೈಯಿಂದ ನಡೆಸಲು ಅದರಲ್ಲಿ ಏನೂ ಇಲ್ಲ.

ಕೊನೆ ಬೇಗ ಬಂತು. 2004ರ ಜನವರಿಯಲ್ಲಿ ಕೊಡಕ್ ಅಮೆರಿಕ, ಕೆನಡಾ, ಪಶ್ಚಿಮ ಯುರೋಪಿನಲ್ಲಿ ರೀಲ್ ಕ್ಯಾಮೆರಾ ಮಾರುವುದನ್ನು ನಿಲ್ಲಿಸುವುದಾಗಿ ಹೇಳಿತು. ಭಾರತ, ಚೀನಾಗಳಲ್ಲಿ ಮುಂದುವರಿಸುವುದಾಗಿ ಸೇರಿಸಿತು. ಯಾಶಿಕಾ ಹೆಸರನ್ನು ಹೊಂದಿದ್ದ ಕ್ಯೋಸೆರಾ 2005ರಲ್ಲಿ, ಕೋನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರದಿಂದಲೇ ಹೊರಬಂದವು. ಡಿಜಿಟಲ್ ಕ್ಯಾಮೆರಾ ಜೂಮ್ ಕೊಳವೆಯ ತಂತ್ರವನ್ನು ಉಳಿಸಿಕೊಂಡು ರೀಲನ್ನು ಹೊರಹಾಕಿತು. ಸೆನ್ಸರ್ ರೀಲಿಗಿಂತ ಬಹಳ ಚಿಕ್ಕದಾದ್ದರಿಂದ ಅದೇ ನೋಟಕ್ಕೆ ಸಣ್ಣ ನಾಭಿದೂರವೇ ಸಾಕಾಯಿತು, ಎಫ್/11ರ ಬಡತನವೂ ತಪ್ಪಿತು.

ಈಗ ಕಪಾಟಿನಿಂದ ಇಂಥ ಕ್ಯಾಮೆರಾ ಹೊರತೆಗೆದವರು ರೀಲಿಗೆ ದುಡ್ಡು ಹಾಕುವ ಮುನ್ನ ಕೆಲವನ್ನು ನೋಡಬೇಕು. ಸೆಲ್ ಕೋಣೆಯಲ್ಲಿ ಹಸಿರು ಅಥವಾ ಬಿಳಿ ಪುಡಿ ಕೂತಿದೆಯೇ, ಹಿಂಬಾಗಿಲ ಅಂಚಿನ ಸ್ಪಂಜು ಅಂಟಂಟಾಗಿ ಕರಗಿದೆಯೇ ಎಂಬುದು ಮೊದಲು. ಹೊಸ ಸೆಲ್ ಹಾಕಿ ಜೂಮನ್ನು ಎರಡೂ ತುದಿಗೆ ಓಡಿಸಬೇಕು. ನಮ್ಮ ಬಯಲುಸೀಮೆಯಲ್ಲಿ ಲೆನ್ಸಿಗೆ ಬೂಷ್ಟು ಕಡಿಮೆ, ಧೂಳು ಹೆಚ್ಚು. ಕೊಳವೆಯ ಸಂದಿನಲ್ಲಿ ಕೂತ ಮರಳಿನ ಕಣವೊಂದು ಜೂಮನ್ನು ಹಿಡಿದು ನಿಲ್ಲಿಸಬಲ್ಲದು. ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಕಿಟಕಿಯ ಕಡೆ ಹಿಡಿದು ಒತ್ತಿದರೆ ಶಟರ್ ತೆರೆದ ಕ್ಷಣ ಪುಟ್ಟ ಬೆಳಕಿನ ಚುಕ್ಕೆ ಹೊಳೆಯಬೇಕು. ಕೆಟ್ಟಿದ್ದರೆ ಬಿಚ್ಚಲು ಹೋಗದಿರುವುದು ಕ್ಷೇಮ. ಫ್ಲ್ಯಾಶಿನ ಕೆಪಾಸಿಟರ್ ಸೆಲ್ ತೆಗೆದ ಮೇಲೂ 300 ವೋಲ್ಟಿನಷ್ಟು ಹಿಡಿದಿಟ್ಟುಕೊಂಡಿರಬಹುದು. ಚಾಲೂ ಇದ್ದರೆ 400ರ ರೀಲು ಹಾಕುವುದು ಲೇಸು; ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಅದನ್ನು ಕಾರಿನೊಳಗೆ ಬಿಟ್ಟು ಹೋಗಬಾರದು. ಮೂಲೆಯಲ್ಲಿ ತಾರೀಖು ಮುದ್ರಿಸುವ ಕೆಲವು ಮಾದರಿಗಳಲ್ಲಿ ವರ್ಷ 2019ಕ್ಕೇ ಮುಗಿದುಹೋಗುತ್ತದೆ. ಅದನ್ನು ಬಂದ್ ಮಾಡಿಡಬಹುದು.

ಕ್ಯಾಮೆರಾ ಹಾಳಾಗಿದ್ದರೂ ಅದರ ನೆಗೆಟಿವ್‌ಗಳು ಪ್ರಿಂಟಿನ ಲಕೋಟೆಯ ಹಿಂದಿನ ಜೇಬಿನಲ್ಲಿ ಉಳಿದಿರಬಹುದು. ಆಲ್ಬಮ್ಮಿಗೆ ಅಂಟಿ ಬಣ್ಣ ಬಿಟ್ಟ ಪ್ರಿಂಟಿನ ಮೊಬೈಲ್ ಫೋಟೊ ತೆಗೆಯುವುದಕ್ಕಿಂತ ಇವನ್ನು ಸ್ಕ್ಯಾನ್ ಮಾಡಿಸುವುದು ಮೇಲು. 24ಕ್ಕೆ 36 ಮಿ.ಮೀ. ಚೌಕಟ್ಟನ್ನು ಇಂಚಿಗೆ 2400 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 77 ಲಕ್ಷ ಚುಕ್ಕೆಗಳ ಚಿತ್ರ ಸಿಗುತ್ತದೆ. ಜೂಮ್ ಲೆನ್ಸ್ ಹಿಡಿದಿಟ್ಟ ವಿವರಕ್ಕೆ ಸಾಮಾನ್ಯವಾಗಿ ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಮಾಡಿಸಿದರೆ ಸಿಗುವುದು ರೀಲಿನ ಕಾಳುಗಳೇ. ನೆಗೆಟಿವ್ ಪಟ್ಟಿಗಳನ್ನು ಅಂಚು ಹಿಡಿದು ಎತ್ತಬೇಕು, ಒದ್ದೆ ಬಟ್ಟೆಯಿಂದ ಒರೆಸಬಾರದು, ಒಂದಕ್ಕೊಂದು ತಾಗದಂತೆ ಕಾಗದದ ಹಾಳೆಗಳ ನಡುವೆ ತಂಪಾದ ಒಣಜಾಗದಲ್ಲಿ ಇಡಬೇಕು.